ಸಿಟ್ಟು ಮಾಡದ ಮಾಷ್ಟ್ರು

...ಹಲ್ಲುನೋವು ಅಂತ ಹೇಳಿದೆನಲ್ಲ ಸುಪ್ರಿತಾ, ಮತ್ತೆ ಯಾಕೆ ನಗುದು ನೀನು? ಆಲಂಕಾರಿನಲ್ಲಿ ಬಸ್ಸು ಹತ್ತಿದಲ್ಲಿಂದ ನೋಡ್ತಾ ಇದ್ದೇನೆ! ಸೀರೆಯಾ? ಪುತ್ತೂರಿನ ಡಾಕ್ಟ್ರ ಹತ್ರ ಹೋಗುವಾಗ ಒಳ್ಳೆ ಸೀರೆ ಉಡಬಾರದಾ? ಬಾಯಿ ತೆರೆದ ಮೇಲೆ ಮರ್ಯಾದೆ ಎಲ್ಲಿ ಉಳಿತದೆ, ಸೀರೆಯಾದರೂ ಇರಲಿ!

ನಿನಗೆ ಇವತ್ತು ಶಾಲೆಯಾ? ಓ, ಪರೀಕ್ಷೆ ಡ್ಯೂಟಿ! ಹತ್ತನೆಯವರದ್ದಾ... ನಿನ್ನ ಶಾಲೆಯಲ್ಲೇ? ಅಲ್ವಾ? ಓ. ಪುತ್ತೂರಿನ ಆ ಶಾಲೆಯಲ್ಲಿಯಾ... ಇಲ್ಲಪ್ಪ, ಬೆವರುದಲ್ಲ, ಸೆಕೆ. ಆ ಕಿಟಕಿ ಸ್ವಲ್ಪ ಸರಿಸು ಮಾರಾಯ್ತಿ.

ಅಲ್ಲ, ಈಗಿನ ಮಕ್ಕಳಿಗೆ ಎಂತ ಕಷ್ಟ? ಎಲ್ಲ ಫೋನಿನಲ್ಲಿ ಉಂಟು. ನಮ್ಮ ಕಾಲದಲ್ಲಿ? ಇಡೀ ಶಾಲೆಗೆ ಲೆಕ್ಕದ ಗೈಡ್ ಇದ್ದದ್ದು ಒಂದೇ, ಅದೂ ಮಾಷ್ಟ್ರ ಮನೆಯಲ್ಲಿ. ಸಂಜೆ ಅವರ ಜಗಲಿಯಲ್ಲಿ ಕೂತು ಬರ್ಕೊಳ್ಳಬೇಕು. ಹತ್ರದ ಮಕ್ಕಳು ಬರ್ಕೊಂಡ್ರು, ಪಾಸಾದ್ರು. ನಮ್ಮ ಮನೆ ಹೊಳೆಯಾಚೆ. ಕತ್ತಲೆಯಾದ ಮೇಲೆ ಹೆಣ್ಣುಮಕ್ಕಳನ್ನು ಯಾರು ದಾಟಿಸುದು? ತರಗತಿಯಲ್ಲಿ ಎರಡನೇ ಸರ್ತಿ ಕೇಳಿದರೆ ಮಾಷ್ಟ್ರು ಹೇಳುದು, "ನಿನ್ನ ತಲೆಯಲ್ಲಿ ಎಂತ ಉಂಟು, ಬಾಳೆದಿಂಡಾ?" ಹತ್ತನೆಯಲ್ಲಿ ನಾನು ಬಾಕಿ ಎಲ್ಲ ಪಾಸು, ಲೆಕ್ಕ ಒಂದು ಫೇಲು!

ನೀನೇ ಕೇಳಿದ್ದಿಯಲ್ಲ, ನೆಂಟರು ಬಂದರೆ ನಮ್ಮ ಇವರು ಚಾದೊಟ್ಟಿಗೆ ಅದನ್ನೂ ಬಡಿಸುದು. "ನಮ್ಮ ನೀಲಾವತಿ ಲೆಕ್ಕದಲ್ಲಿ ಫೇಲು!" ಮೇದಪ್ಪ ಗೌಡರಿಗೆ ಅದು ಬಿಟ್ಟು ಬೇರೆ ತಮಾಷೆಯೇ ಗೊತ್ತಿಲ್ಲ.

ನಗು, ನಗು. ನಾನೂ ನಗ್ತೇನೆ, ಎಲ್ಲರ ಒಟ್ಟಿಗೆ... ಆದರೆ ಎಷ್ಟು ವರ್ಷ ಅಂತ ನಗುದು?

ನನ್ನ ಫೋನಾ? ನಾನು ಅಡಿಗೆ ನೋಡುದಪ್ಪ! ಮಧ್ಯಾಹ್ನ ಊಟ ಆದ ಮೇಲೆ ಕಿವಿಗೆ ಆ ವಯರು ಸಿಕ್ಕಿಸಿ ಕೂತರೆ ಇವರು ಕೇಳುದು, "ಇಷ್ಟು ಅಡಿಗೆ ನೋಡಿಯೂ ನಿನ್ನ ಸಾರು ಹಾಗೇ ಉಂಟಲ್ಲ?" ಏನೇ ಹೇಳು, ಫೋನಿನ ಮಾಷ್ಟ್ರು ಒಳ್ಳೆ ಜನ. ಅರ್ಥ ಆಗದಿದ್ದರೆ ಹತ್ತು ಸರ್ತಿ ಹಿಂದೆ ತಿರುಗಿಸು, ಅದೇ ನಗುಮುಖ. ಸಿಟ್ಟಿಲ್ಲ, ಬಾಳೆದಿಂಡಿನ ಸುದ್ದಿಯೇ ಇಲ್ಲ! ...ಅಡಿಗೆಯ ಮಾಷ್ಟ್ರು ಮಾರಾಯ್ತಿ! ಸಾರಿಗೂ ಮಾಷ್ಟ್ರು ಇರ್ತಾರೆ, ನಿನಗೆಂತ ಗೊತ್ತು?

ಆದರೆ ಪೂರ್ತಿ ನಂಬ್ಲಿಕ್ಕೂ ಇಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಹೇಳುವ ಎಐ ಉಂಟಲ್ಲ ಫೋನಿನಲ್ಲಿ, ಮೊನ್ನೆ ಅದಕ್ಕೊಂದು ವರ್ಗ ಸಮೀಕರಣ ಕೊಟ್ಟೆ. ಶೋಧಕ ಸೊನ್ನೆಗಿಂತ ಕಡಿಮೆ, ಆದರೂ ವಾಸ್ತವ ಮೂಲ ಎರಡುಂಟು ಅಂತ ಧೈರ್ಯದಲ್ಲಿ ಹೇಳಿತು! ನಾನು ಬಿಡ್ತೇನಾ? "ಪುನಃ ನೋಡು" ಅಂದೆ. "ಕ್ಷಮಿಸಿ, ನೀವು ಹೇಳಿದ್ದೇ ಸರಿ" ಅಂತು! ನನ್ನ ಹತ್ರ ಕ್ಷಮೆ ಕೇಳಿದ ಮಾಷ್ಟ್ರು ಅದೊಂದೇ...

ಎಂತ? ಯಾಕೆ ಹಾಗೆ ನೋಡುದು?

ಸಾರಿಗೆ ವರ್ಗ ಸಮೀಕರಣ ಯಾಕೆ ಅಂತ ಕೇಳು. ಕೇಳು ಮಾರಾಯ್ತಿ! ಇಷ್ಟೊತ್ತು ನಗ್ತಾ ಇದ್ದೆಯಲ್ಲ, ಈಗ ನಗು!

ನಗುದಿಲ್ವಾ?

...ಕೈ ಬಿಡು. ಬಸ್ಸಿನವರೆಲ್ಲ ನೋಡ್ತಾರೆ.

ಹಲ್ಲು ಸರಿಯೇ ಉಂಟು. ಹೌದು, ನಾನೂ ಅಲ್ಲಿಗೇ. ಇವತ್ತು ಲೆಕ್ಕ ಅಲ್ವಾ... ಇಲ್ಲೇ ಹತ್ರ ಕಡಬದಲ್ಲಾದರೆ ಗುರ್ತದವರು ಸಿಗ್ತಾರೆ ಅಂತ ಪುತ್ತೂರಿನಲ್ಲಿ ಪರೀಕ್ಷೆ ಕಟ್ಟಿದೆ. ನೋಡಿದರೆ ಬಸ್ಸಿನಲ್ಲೇ ನೀನು! ಇವರಿಗೆ ಗೊತ್ತಿಲ್ಲ. ಪಾಸಾಗಿ ಎಂತ ಮಾಡುದು ಅಂತ ಮಾತ್ರ ಕೇಳಬೇಡ. ನನಗೆ ಬರ್ತದಾ ಇಲ್ವಾ, ಅಷ್ಟು ಗೊತ್ತಾಗಬೇಕು ನನಗೆ. ಬರ್ತದೆ ಸುಪ್ರಿತಾ. ಮನೆಯಲ್ಲಿ ಮಾಡುವಾಗ ಬರ್ತದೆ...

ಓ, ಸ್ಟಾಪ್ ಬಂತು. ನೀನು ಮುಂದೆ ಹೋಗು, ನಾನು ಸ್ವಲ್ಪ ಬಿಟ್ಟು ಬರ್ತೇನೆ. ಅಷ್ಟು ಮಕ್ಕಳ ಎದುರು ನನ್ನೊಟ್ಟಿಗೆ ಯಾಕೆ... ಹೋಗು ಟೀಚರೇ. ತಡ ಆಗ್ತದೆ ನಿನಗೆ.

ಹೋಗುದಿಲ್ವಾ?

...ಆಯ್ತು, ನಡಿ ಹಾಗಾದರೆ. ಗೇಟಿನವರೆಗೆ ಮಾತ್ರ, ಆಯ್ತಾ? ಅಲ್ಲಿಂದ ಒಳಗೆ ನಾನೇ ಹೋಗ್ತೇನೆ.