ಟವಲ್ ಹಾಕಿ ಹಿಡಿದ ಸೀಟು

ಹುಣಸೂರು ಕೋರ್ಟಿನ ಜಗಲಿಯಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಚಿಕ್ಕವಳು ಪಿಸುಗುಟ್ಟಿದಳು.

"ಬ್ಯಾಡ ಕಣಕ್ಕ, ಎದ್ದೋಗುಮ."

"ಒಲಿಗೆ ಮಿಷನ್ ನಿಂದು. ನಿಮ್ಮಣ್ಣ ಕೇಳ್ದೆ ಮಾರ್ಕಂಡವ್ನೆ. ಅದ್ರ ದುಡ್ಡು ಕೊಡ್ಸಿ ಅಂತ ಕೇಸ್ ಆಕಕ್ಕೆ ಎದ್ರುಕೆ ಯಾಕೆ, ಶಶಿ?"

"ಅಣ್ಣ ಬಸ್‌ಸ್ಟ್ಯಾಂಡಲ್ಲೇ ಅವ್ನೆ ಬೀರಕ್ಕ. ಬರೋವಾಗ ನನ್ ಟಿಕೀಟೂ ಅವ್ನೇ ತಗಂಡ."

"ಕೋರ್ಟಿಗೆ ಬಂದಿರೋದು ಗೊತ್ತಾ?"

"ಆಸ್ಪತ್ರೆಗೆ ಅಂದಿವ್ನಿ. ಗಾವಡಗೆರೆ ಬಸ್ಸಲ್ಲಿ ಟವಲ್ ಆಕಿ ಸೀಟ್ ಇಡ್ದಿರ್ತೀನಿ, ಬಿರ್ನೆ ಬಾ ಅಂದ."

"ಮಿಷನ್ ಮಾರೋವಾಗ ಈ ಪ್ರೀತಿ ಎಲ್ಲೋಗಿತ್ತವ್ವ?"

"ಅಣ್ಣಂಗೆ ಕೋರ್ಟ್ ನೋಟೀಸ್ ಮುಟ್ಟುದ್ರೆ ನಂಗೆ ತವರು ಮುಗೀತು. ಗೌರಿ ಅಬ್ಬಕ್ಕೆ ಬಾಗ್ನ ತರೋರ್ಯಾರು?"

"ಬಾಗ್ನ ವರ್ಸಕ್ಕೊಂದ್ ಸಲ. ನಿನ್ ಮಕ್ಳು ದಿನಾ ಉಣ್ಬೇಕಲ್ವಾ?"

ಲಾಯರ್ ಗುಮಾಸ್ತ ಒಳಗಿನಿಂದ ಶಶಿಯ ಹೆಸರು ಕೂಗಿದ. ಅವಳು ಎದ್ದಳು, ಮತ್ತೆ ಕೂತಳು. ಅವನು ಇನ್ನೊಮ್ಮೆ ಕೂಗಿದಾಗ ಎದ್ದು ನಿಂತಳು.

"ಅಕ್ಕ, ನೀನು ಬಸ್‌ಸ್ಟ್ಯಾಂಡಿಗೋಗು. ಆ ಸೀಟಿಗೆ ಬೇರೆ ಯಾರ್ನಾದ್ರೂ ಕೂರಿಸ್ಕೊ ಅಂತ ಅಣ್ಣಂಗೆ ಯೋಳು."

"ನೀನು?"

"ಆಮೇಕೆ ಬರೋ ಬಸ್ಸಿಗೆ ಬತ್ತೀನಿ. ನಿಂತ್ಕಂಡೇ ಬತ್ತೀನಿ."

ಬೀರಕ್ಕ ಗೇಟಿನ ಕಡೆ ಹೊರಟಳು. ಶಶಿ ಒಬ್ಬಳೇ ಒಳಗೆ ಹೋದಳು.