ಹಸಿರು ಸೀರಿ ಯಾರಿಗೆ?

ಎಲ್ಲಾರೂ ಕುಂತ್ರೇನು? ಎಲಿ ಅಡಿಕಿ ಆಮ್ಯಾಲೆ ಹಾಕ್ಕೊಳ್ರಿ, ಮೊದಲ ಕಿವಿ ಇತ್ತಾಗ ಕೊಡ್ರಿ. ಒಂದು ಹೊಳಿ ಇತ್ತು. ಊರಿಗೂ ಹೆಸರಿಲ್ಲ, ಹೊಳಿಗೂ ಹೆಸರಿಲ್ಲ. ಈಚೆ ದಂಡ್ಯಾಗ ಕನ್ನಡ, ಆಚೆ ದಂಡ್ಯಾಗ ಬ್ಯಾರೆ ಮಾತು. ಈಚೆ ದಂಡ್ಯಾಗ ಈರಸಂಗಪ್ಪನ ಸೀರಿ ಅಂಗಡಿ. ಆಚೆ ಮಂದಿ ದೋಣಿ ಹತ್ತಿ ಅಲ್ಲಿಗೇ ಬರತಿದ್ರು. ಯಾಕ? ಸೀರಿ ಚಂದ ಅಂತ ಅಲ್ರೀ, ಒಬ್ಬಾಕಿ ಸಲುವಾಗಿ! ಬಾಗಿಲದಾಗ ತಿಪ್ಪವ್ವ ಅನ್ನೋ ಮುದುಕಿ ಕುಂತಿರತಿದ್ಲು. ಎರಡೂ ಮಾತು ಬಲ್ಲಾಕಿ, ಅಂಗಡಿ ದುಭಾಷಿ.

ಯಾರ ಬರಲಿ, ಸೀರಿ ಬಿಚ್ಚೂಕಿಂತ ಮೊದಲ ತಿಪ್ಪವ್ವ ಅವರ ಮಾತಿನಾಗ ಕೇಳತಿದ್ಲು: "ಯಾರಿಗವ್ವಾ?" ಮದುವಿ ಅಂದ್ರ ನಗತಿದ್ಲು. ತೊಟ್ಟಿಲ ಅಂದ್ರ ಹರಸತಿದ್ಲು. ಸಾವು ಅಂದ್ರ ಕೈ ಹಿಡಕೊಂಡು ಅವರು ಹೇಳಿದ್ದೆಲ್ಲಾ ಕೇಳಕೋತ ಕುಂದ್ರತಿದ್ಲು.

ಈರಸಂಗಪ್ಪಗ ತಡಕೊಳ್ಳಾಕ ಆಗಲಿಲ್ಲ. "ಏನ ಬೇ ಇದು, ಒಂದು ಸೀರಿ ಮಾರೂದ್ರಾಗ ಹೊತ್ತು ಮುಳಗತೈತಿ! ನೀ ಏನೇನ ಅಂತಿ, ನನಗ ಕಲಿಸಿಬಿಡು."

"ಮಾತು ಕಲಿಸ್ತೀನಿ ತಮ್ಮಾ. ಕೇಳೂದು?"

"ಕೇಳೂದು ನನಗ್ಯಾಕ!"

ಮೂರು ಮಾತು ಬಾಯಿಪಾಠ ಮಾಡಿದ. "ಬಾರವ್ವಾ." "ಸೀರಿ ಚಲೋ ಐತಿ." ಹಸಿರು ಸೀರಿಗೆ ಮಾತ್ರ, "ಉಟ್ಟಾಕಿ ಹೊಟ್ಟಿ ತಂಪಾಗಿರಲಿ, ತೊಟ್ಟಿಲ ಬಟ್ಟಿಗೆ ಮತ್ತ ಬಾ." ಮೂರು ದಿನ ಕಲಿತ, ನಾಕನೇ ದಿನ ಮುದುಕಿನ್ನ ಮನಿಗೆ ಕಳಿಸಿದ. ಏನ ಧೈರ್ಯ ನೋಡ್ರಿ!

ಆಮ್ಯಾಲೆ ಒಂದಿನ ಆಚೆ ದಂಡಿ ಸೋನುಬಾಯಿ ಬಂದ್ಲು. ಮಗಳ ಮದುವಿ ಸೀರಿನೂ ಅಲ್ಲಿಂದನ ಒಯ್ದಾಕಿ. ಈಗ ಹಸಿರು ಸೀರಿಗೆ ಕೈ ಮಾಡಿದ್ಲು. ಹಸಿರು ಸೀರಿ ನಮ್ಮಲ್ಲಿ ಯಾವಾಗ ಉಡಿಸ್ತಾರ? ಬಸರಿ ಕುಬುಸಕ್ಕ, ಅದ ಸೀಮಂತಕ್ಕ. ಮತ್ತ ಯಾವಾಗ? ಮುತ್ತೈದಿ ತೀರಿಕೊಂಡ್ರ, ಮಣ್ಣಿಗೆ ಕಳಸುವಾಗ. ಹೌದಿಲ್ಲೋ? ಆಚೆ ದಂಡ್ಯಾಗೂ ಹಂಗ.

ಈರಸಂಗಪ್ಪ ನಕ್ಕೋತ ಅಂದ: "ಹೊಟ್ಟಿ ತಂಪಾಗಿರಲಿ, ತೊಟ್ಟಿಲ ಬಟ್ಟಿಗೆ ಮತ್ತ ಬಾ." ಆಕಿ ಗಕ್ಕನ ನಿಂತ್ಲು. ಏನೋ ಅಂದ್ಲು. ಇಂವಗೇನ ತಿಳೀಬೇಕು? ಕೇಳಿಸಿಲ್ಲೇನೋ ಅಂತ ಇನ್ನೊಮ್ಮೆ ಅಂದ. ಜೋರಾಗಿ ಮತ್ತೊಮ್ಮೆ ಅಂದ. ಆಕಿ ಸೀರಿ ಎದಿಗೆ ಅವಚಿಕೊಂಡು ಅಳಕೋತ ದೋಣಿಗೆ ಹೋದ್ಲು. ಸಂತೋಷಕ್ಕ ಅತ್ಲು ಅಂದುಕೊಂಡ, ಮಾರಾಯ.

ಮರುದಿನ ಆಚೆ ದಂಡಿಯಿಂದ ಯಾರೂ ಬರಲಿಲ್ಲ. ಅದರ ಮರುದಿನ ಬರಲಿಲ್ಲ. ಮೂರನೇ ದಿನಾನೂ ಬರಲಿಲ್ಲ. ಹೆದರಿ ತಿಪ್ಪವ್ವನ ಮನಿಗೆ ಓಡಿದ.

"ಆಕಿ ಮಗಳು ಹೆರಿಗ್ಯಾಗ ಕೂಸಿನ ಜೋಡಿನ ಹೋದ್ಲಪ್ಪಾ," ಅಂದ್ಲು ಮುದುಕಿ; ದೋಣಿಯವ ಆಕಿಗೆ ಎಲ್ಲಾ ಹೇಳಿದ್ದ. "ಮಣ್ಣಿಗೆ ಉಡಿಸಾಕ ಸೀರಿ ಒಯ್ಯಾಕ ಬಂದ್ರ, ನೀ ಮೂರು ಸರ್ತಿ ತೊಟ್ಟಿಲ ಅಂದಿ."

ಈರಸಂಗಪ್ಪ ಕುಂತಲ್ಲೇ ಅತ್ತ. ವ್ಯಾಪಾರ ಹೋಗಲಿ, ಆ ತಾಯಿ ಹೊಟ್ಟಿಗೆ ಬೆಂಕಿ ಇಟ್ಟೆನಲ್ಲಾ ಅಂತ ಅತ್ತ. "ನಡಿ ಯವ್ವಾ, ತಪ್ಪಾತು ಅಂತ ನನ್ನ ಪರವಾಗಿ ಹೇಳು."

ಇಬ್ಬರೂ ಹೊಳಿ ದಾಟಿದ್ರು. ಸೋನುಬಾಯಿ ಹೊಸ್ತಿಲದಾಗ ಕುಂತಿದ್ಲು. ತಿಪ್ಪವ್ವ ಅಂದ್ಲು: "ತಪ್ಪಾತು ಅನ್ನೂದು ಆಮ್ಯಾಲೆ. ಅವತ್ತು ಕೇಳಲಾರದ್ದನ್ನ ಇವತ್ತು ನೀನ ಕೇಳು." ಕಿವ್ಯಾಗ ಆ ಮಾತು ಹೇಳಿಕೊಟ್ಲು.

ಅಂವ ಆಕಿ ಮಾತಿನಾಗ ಕೇಳಿದ: "ಸೀರಿ ಯಾರಿಗವ್ವಾ?"

"ಚಂಪಾಗ," ಅಂದ್ಲು ಸೋನುಬಾಯಿ.

ಆಮ್ಯಾಲೆ ಹೇಳಿದ್ಲು, ಹೇಳಿದ್ಲು, ಹೊತ್ತು ಮುಳುಗೂತನಕ ಹೇಳಿದ್ಲು. ಚಂಪಾ ಅನ್ನೋ ಹೆಸರು ಬಿಟ್ರ ಅವನಿಗೆ ಒಂದು ಮಾತೂ ತಿಳೀಲಿಲ್ಲ. ಆದ್ರೂ ಏಳಲಿಲ್ಲ. ತಿಪ್ಪವ್ವನೂ ಬಿಡಿಸಿ ಹೇಳಲಿಲ್ಲ.

ತಿಪ್ಪವ್ವ ತಿರುಗಿ ಅಂಗಡಿ ಬಾಗಿಲದಾಗ ಕುಂತ್ಲು. ದೋಣಿ ತಿರುಗಿ ಬಂದ್ವು. ಸೋನುಬಾಯಿ ಮಾತ್ರ ಬರಲಿಲ್ಲ.

ಹೊಳಿ ಅಲ್ಲೇ ಉಳೀತು, ಕಥಿ ದಾಟಿ ಇಲ್ಲಿಗೆ ಬಂತು. ಏಳ್ರಿನ್ನ, ಮನಿಗೆ ಹೋಗಿ ಮಕ್ಕಳ ತಲಿ ಸವರ್ರಿ.