ಸೇತುವೆ ಹಾಡಿನ ನಡುವೆ ಕರೆದವಳು

ಈ ಸಭೆಯ ಅಧ್ಯಕ್ಷರೂ, ಆಳಂದ ಬಸ್‌ಸ್ಟ್ಯಾಂಡಿನ ಎದುರು ಒಂದು ಕಾಲಕ್ಕೆ ಕ್ಯಾಸೆಟ್ ಅಂಗಡಿ ಇಟ್ಟಿದ್ದವರೂ, ನಲವತ್ತು ವರ್ಷಗಳಿಂದ ನನ್ನನ್ನು ಸಹಿಸಿಕೊಂಡವರೂ ಆದ ಅಬ್ದುಲ್ ಗನಿ ಸಾಹೇಬರೇ, ನಮ್ಮ ಬಳಗದ ಕಾರ್ಯದರ್ಶಿ ಚಿರಂಜೀವಿ ಮಯೂರ ಅವರೇ, ಆಳಂದದಿಂದ, ಅಫಜಲಪುರದಿಂದ ಈ ಜೇವರ್ಗಿಯ ಬಿಸಿಲಿಗೆ ಹೆದರದೆ ಬಂದ ಸೇತುವೆ ಹಾಡಿನ ಅಭಿಮಾನಿಗಳೇ, ಹಾಡು ಗೊತ್ತಿಲ್ಲದಿದ್ದರೂ ಊಟವಿದೆ ಎಂದು ಬಂದ ಸಭಿಕರೇ,

ಇಟ್ ಈಸ್ ಮೈ ಗ್ರೇಟ್... ಗ್ರೇಟ್ ಏನೋ ಒಂದು. ಕಲಬುರಗಿಯ ಕಾಲೇಜಿನಲ್ಲಿ ಬರೆಸಿದ್ದರು. ಎರಡನೇ ವರ್ಷಕ್ಕೆ ಬಿ.ಎ. ಬಿಟ್ಟು ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತ ಮೇಲೆ ಅರ್ಧ ಉಳಿಯಿತು, ಅರ್ಧ ಹೋಯಿತು.

ನಮ್ಮ ಬಳಗಕ್ಕೆ ಇಂದು ಇಪ್ಪತ್ತೈದು ವರ್ಷ. ಒಂದೇ ಒಂದು ಹಾಡಿಗೆ ಇಷ್ಟು ಜನ ಬೇಕೇ ಎಂದು ಕೇಳುವವರಿದ್ದಾರೆ. ಬೇಕು. ಮುಂಬೈನ ನಾಲ್ವರು ಹುಡುಗರು ಇಂಗ್ಲಿಷಿನಲ್ಲಿ ಹಾಡಿದ ರಾಕ್ ಹಾಡು ಅದು. ಹೊಳೆ ಏರುತ್ತಿದೆ, ಒಬ್ಬಾತ ಸೇತುವೆಯ ಮೇಲೆ ನಿಂತು, ನಾನು ದಾಟುವವರೆಗೆ ನಿಲ್ಲು ಎಂದು ಸೇತುವೆಯನ್ನೇ ಬೇಡಿಕೊಳ್ಳುತ್ತಾನೆ. ಭೀಮೆಯ ದಂಡೆಯವರಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕೇ? ನೆಲೋಗಿಯ ಡ್ರೈವರ್ ಬೀರಣ್ಣ ಇಂದಿಗೂ ಆ ಹಾಡು ಹಚ್ಚದೆ ಹೊಳೆ ದಾಟುವುದಿಲ್ಲ. ಹೊಳೆ ಉಕ್ಕಿ ಊರೊಳಗೆ ಬಂದ ವರ್ಷ ಅಫಜಲಪುರದ ಜನ ಶಾಲೆಯ ಕೋಣೆಗಳಲ್ಲಿ ಕುಳಿತು ಇದನ್ನೇ ಹಾಡಿದರು. ಅರ್ಥ ಎಷ್ಟು ಜನಕ್ಕೆ ಗೊತ್ತಿತ್ತೋ, ಧೈರ್ಯ ಮಾತ್ರ ಎಲ್ಲರಿಗೂ ಬಂತು.

ಹಾಡಿನ ನಡುವೆ ಗಿಟಾರು, ಡ್ರಮ್ಮು ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಆಗ ಒಂದು ಹೆಣ್ಣು ಧ್ವನಿ ಬರುತ್ತದೆ: "ಅಲ್ರೀ, ಚಾ ಆರಾಕತ್ತದ, ಬರ್ತೀರೇನು?" ಆಮೇಲೆ ಮತ್ತೆ ಗಿಟಾರು. ನಮ್ಮ ಮೂರು ತಾಲೂಕಿನವರು ಇದೂ ಹಾಡಿನದೇ ಭಾಗ ಎಂದು ನಂಬಿ ಬೆಳೆದವರು. ಮುಂಬೈನವರಿಗೆ ನಮ್ಮ ಕಡೆಯ ಕನ್ನಡ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಆ ಜಾಗಕ್ಕೆ ಕಾದು, ಒಟ್ಟಿಗೆ ಕೂಗುತ್ತೇವೆ.

ಈಗ ಹಾಡು ಮೊಬೈಲಿಗೇ ಬರುತ್ತದೆ. ಅದರಲ್ಲಿ ಆ ಧ್ವನಿ ಇಲ್ಲ. ಎರಡು ತಿಂಗಳ ಹಿಂದಿನ ಸಭೆಯಲ್ಲಿ ಮಯೂರ ಹೇಳಿದರು: "ಕಾಕಾ, ಈ ವರ್ಷದಿಂದ ಒರಿಜಿನಲ್ ಹಾಕೋಣ್ರಿ. ರಾಕ್ ಹಾಡಿನ ನಡುವ ಯಾವಾಕಿನೋ ಚಾಕ್ಕ ಕರದ್ರ ಹೊರಗಿನ ಮಂದಿ ನಗತಾರ." ಎಲ್ಲರೂ ಕೈ ಎತ್ತಿದರು. ಗನಿ ಸಾಹೇಬರು ಅಂದು ಬಂದಿರಲಿಲ್ಲ. ನಾನೊಬ್ಬನೇ ಎತ್ತಲಿಲ್ಲ. ಕಾರಣ ಕೇಳಿದರು. ಹೇಳಲಿಲ್ಲ.

ಇಂದು ಹೇಳುತ್ತೇನೆ. ಆಕೆ ನನ್ನ ಮನೆಯವಳು, ಸುಭದ್ರಾಬಾಯಿ.

ಆಗ ನಮ್ಮ ಮದುವೆಯಾಗಿ ಮೂರು ತಿಂಗಳು. ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಇಂಗ್ಲಿಷ್ ಹಾಡುಗಳು ಬರುತ್ತಿದ್ದವು. ರೇಡಿಯೋ ಗನಿಯದು, ಟೇಪ್ ರೆಕಾರ್ಡರ್ ನನ್ನದು. ಎರಡನ್ನೂ ಎದುರುಬದುರು ಇಟ್ಟು, ಫುಲ್ ಸೈಲೆನ್ಸ್ ಎಂದು ಅಡುಗೆಮನೆಗೂ ಕೂಗಿ ಹೇಳಿ, ಉಸಿರು ಹಿಡಿದು ಕುಳಿತಿದ್ದೆವು. ಅವಳಿಗೆ ಇಂಗ್ಲಿಷ್ ಎಲ್ಲಿ ಬರಬೇಕು? ವಾದ್ಯ ನಿಂತ ಕೂಡಲೇ ಹಾಡು ಮುಗಿಯಿತು ಎಂದುಕೊಂಡು ಕರೆದಳು. ನಾನು ಉತ್ತರ ಕೊಡಲಿಲ್ಲ. ಹಾಡು ಮುಗಿದ ಮೇಲೆ ಬೈದೆ. ಎರಡು ದಿನ ಮಾತು ಬಿಟ್ಟೆ. ಆ ಚಹಾ ಹಾಗೇ ಉಳಿಯಿತು. ಇರಲಿ, ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ.

ಗನಿ ಮಾತ್ರ ಅಂದೇ ಹೇಳಿದ್ದರು: "ಶಾಂತಲಿಂಗಪ್ಪ, ನಿಮ್ಮ ಗಿಟಾರದವನಕಿಂತ ನಮ್ಮ ಭಾಭಿ ಸುರದಾಗ ಅದಾಳ ನೋಡು." ಆ ಹಾಡು ಮತ್ತೆ ರೇಡಿಯೋದಲ್ಲಿ ಬರಲಿಲ್ಲ. ಇದ್ದದ್ದು ಅದೊಂದೇ ಕ್ಯಾಸೆಟ್. ಅದರಿಂದಲೇ ಗನಿ ಎಲ್ಲರಿಗೂ ಕಾಪಿ ಮಾಡಿಕೊಟ್ಟರು. ವರ್ಷ ತುಂಬುವುದರೊಳಗೆ ಸಂತೆಯಲ್ಲಿ ಹುಡುಗರು ಅವಳ ಮುಂದೆಯೇ ಅವಳ ಮಾತು ಕೂಗಿಕೊಂಡು ಹೋದರು. ಸೆರಗು ಬಾಯಿಗೆ ಹಿಡಿದು ಮನೆಗೆ ಬಂದವಳು ದೀಪ ಹಚ್ಚುವವರೆಗೆ ನಕ್ಕಳು. "ನನ್ನ ಹೆಸರ ಯಾರಿಗೂ ಹೇಳಬ್ಯಾಡ್ರಿ. ಧ್ವನಿ ಬೇಕಾದ್ರ ಊರೆಲ್ಲ ಅಡ್ಡಾಡಲಿ, ನಾ ಮನ್ಯಾಗ ಇರ್ತೇನಿ" ಎಂದಳು. ಅವಳು ಹೋಗಿ ಎರಡು ವರ್ಷವಾಯಿತು. ಮನೆಯಲ್ಲಿ ಅವಳ ಫೋಟೋ ಆರು ಇವೆ. ಧ್ವನಿ ಇರುವುದು ಈ ಹಾಡಿನಲ್ಲಿ ಮಾತ್ರ.

ಬ್ಯಾಕ್ ಟು ದಿ ಸಬ್ಜೆಕ್ಟ್. ಕಳೆದ ತಿಂಗಳು ಅದೇ ತಂಡ, ಈಗ ನಮ್ಮಂತೆಯೇ ನರೆತವರು, ಸೊಲ್ಲಾಪುರಕ್ಕೆ ಬಂದರು. ನಾವು ನಲವತ್ತೆರಡು ಜನ ನಾಲ್ಕು ಕ್ರೂಸರ್ ಜೀಪಿನಲ್ಲಿ ಹೋದೆವು. ಹಾಡು ನಡುವಿಗೆ ಬಂತು. ವಾದ್ಯಗಳು ನಿಂತವು. ಕೂಗಬಾರದೆಂದು ಮಯೂರ ಮೊದಲೇ ತಾಕೀತು ಮಾಡಿದ್ದರು. ಆದರೆ ಮೊದಲು ಕೂಗಿದವರು ಯಾರು? ಮಯೂರ ಅವರೇ. ಅಭ್ಯಾಸ. ಹಿಂದೆಯೇ ನಾವು ನಲವತ್ತೊಂದು ಜನ. ಹಾಡುವವರು ಹಾಡನ್ನೇ ನಿಲ್ಲಿಸಿ, ಏನಿದು ಎಂದು ಹಿಂದಿಯಲ್ಲಿ ಕೇಳಿದರು. ಇಡೀ ಸಭೆ ನಮ್ಮತ್ತ ತಿರುಗಿತು. ನನಗೆ ಭೂಮಿಯೊಳಗೆ ಇಳಿದು ಹೋಗಬೇಕೆನಿಸಿತು.

ಗನಿ ಎದ್ದು ನಿಂತು ಉರ್ದುವಿನಲ್ಲಿ ಹೇಳಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಸಾಹೇಬ್ರ, ನಮ್ಮ ಕಡೆ ಈ ಹಾಡ ಹಿಂಗೇ ಅದ. ನೀವೇ ಒಂದು ಸಾಲು ಬಿಟ್ಟು ಹಾಡಾಕತ್ತೀರಿ."

ಆ ಹಾಡುಗಾರರು ನಕ್ಕರು. ಸಾಲನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಆಮೇಲೆ ಮೊದಲಿನಿಂದ ಹಾಡು ಶುರು ಮಾಡಿ, ನಡುವಿಗೆ ಬಂದು, ಗಿಟಾರಿನ ತಂತಿಯ ಮೇಲೆ ಕೈ ಇಟ್ಟು ಕಾದರು. ಮರಾಠಿ ಮಂದಿ, ಹಿಂದಿ ಮಂದಿ, ಇಡೀ ಸೊಲ್ಲಾಪುರ ಕನ್ನಡದಲ್ಲಿ ಕೂಗಿತು, ಚಾ ಆರಾಕತ್ತದ ಎಂದು. ಸಭಿಕರೇ, ಗೆಲುವು ಎಂದರೆ ಇನ್ನೇನು? ನನ್ನ ಅಡುಗೆಮನೆಯ ಮಾತಿಗೆ ಆ ತಂಡ ನಿಂತು ಕಾಯಿತು.

ಮರಳಿ ಬರುವಾಗ ಗಡಿಯ ಹಿರೋಳ್ಳಿ ದಾಟಿದ ಮೇಲೆ ಮಯೂರ ಕೇಳಿದರು: "ಕಾಕಾ, ಹಳೇ ಟೇಪೇ ಇರಲಿ. ಆದ್ರ ಆಕಿ ಯಾರ್ರಿ?" ನಾನು ಕಿಟಕಿಯ ಹೊರಗೆ ನೋಡಿದೆ. ಉತ್ತರ ಇಂದು ಸಿಕ್ಕಿತಲ್ಲವೇ, ಮಯೂರ? ಅವಳಿಗೆ ಕೊಟ್ಟ ಮಾತು ತಪ್ಪಿದ್ದೇನೆ. ಅದನ್ನು ಅವಳ ಹತ್ತಿರವೇ ಬಗೆಹರಿಸಿಕೊಳ್ಳುತ್ತೇನೆ.

ಈಗ ಟೇಪ್ ಹಚ್ಚುತ್ತಾರೆ. ಒಂದು ವಿನಂತಿ. ಇಪ್ಪತ್ತೈದು ವರ್ಷ ನಿಮ್ಮ ಗದ್ದಲದಲ್ಲಿ ಈ ಸಭೆಯಲ್ಲಿ ಅವಳ ಧ್ವನಿ ನನಗೆ ಒಮ್ಮೆಯೂ ಕೇಳಿಸಿಲ್ಲ. ಇದೊಂದು ಸಲ ಯಾರೂ ಕೂಗಬೇಡಿ. ಅವಳೊಬ್ಬಳೇ ಕರೆಯಲಿ. ಅಂದು ಕೊಡದ ಉತ್ತರವನ್ನು ನಾನು ಕೊಡುತ್ತೇನೆ. ದೊಡ್ಡ ಮಾತೇನಲ್ಲ. "ಬಂದ್ನಿ" ಎನ್ನುತ್ತೇನೆ, ಅಷ್ಟೇ.

ಐದು ನಿಮಿಷ ಕೇಳಿ ಹದಿನೈದು ತೆಗೆದುಕೊಂಡ ನನ್ನನ್ನು ತಾಳಿಕೊಂಡಿದ್ದಕ್ಕೆ ಅಧ್ಯಕ್ಷರಿಗೂ ನಿಮಗೂ ಋಣಿ. ಹಾಡು ಮುಗಿದ ಮೇಲೆ ಹೊರಗೆ ಚಹಾ ಇದೆ, ಆರುವುದರೊಳಗೆ ಕುಡಿಯಿರಿ. ನಮಸ್ಕಾರ.